ಜೀರ್ಣೋದ್ಧಾರದ ಗುತ್ತಿಗೆ: ಪೇಟೆಯ ಪಾರಂಪರಿಕ ಕಟ್ಟಡಗಳಿಗೆ ಗುತ್ತಿಗೆದಾರರನ್ನು ಆರಿಸುವ ಬಗೆ

ಹಳೆಯ ಕಟ್ಟಡವೊಂದು ಶಿಥಿಲವಾದಾಗ ಅದನ್ನು ಉಳಿಸಬೇಕೆ, ಕೆಡವಬೇಕೆ ಎಂಬ ಪ್ರಶ್ನೆ ಸಾರ್ವಜನಿಕ ಚರ್ಚೆಯ ಮುನ್ನೆಲೆಗೆ ಬರುತ್ತದೆ. ಪತ್ರಿಕೆಗಳು ಬರೆಯುತ್ತವೆ, ಸಭೆಗಳು ನಡೆಯುತ್ತವೆ, ಸಮಿತಿಗಳು ರಚನೆಯಾಗುತ್ತವೆ. ಆದರೆ ಉಳಿಸಬೇಕೆಂದು ತೀರ್ಮಾನವಾದ ಮೇಲೆ ಆ ಕೆಲಸವನ್ನು ಯಾರ ಕೈಗೆ ಒಪ್ಪಿಸಬೇಕು, ಅಂಥವರನ್ನು ಯಾವ ಕ್ರಮದಲ್ಲಿ ಹುಡುಕಬೇಕು, ಯಾವ ಮಾತಿನಲ್ಲಿ ಕರೆಯಬೇಕು ಎಂಬ ಪ್ರಶ್ನೆಗಳು ಕಚೇರಿಯ ಕಡತಗಳ ಒಳಗೇ ಉಳಿದುಬಿಡುತ್ತವೆ. ಕಟ್ಟಡದ ಅಳಿವು ಉಳಿವು ಬಹುಮಟ್ಟಿಗೆ ನಿರ್ಧಾರವಾಗುವುದು ಈ ಎರಡನೆಯ ಹಂತದಲ್ಲಿ. ಉಳಿಸುವ ಸದುದ್ದೇಶದಿಂದಲೇ ಕರೆದ ಟೆಂಡರು, ಅದರ ಪದಗಳು ಸಡಿಲವಾಗಿದ್ದ ಕಾರಣದಿಂದ, ಕಟ್ಟಡದ ಅಳಿವಿಗೆ ದಾರಿಯಾಗಬಹುದು. ಪೇಟೆಯ ನಡುವೆ ವ್ಯಾಪಾರಕ್ಕೆಂದೇ ಕಟ್ಟಿದ ಪಾರಂಪರಿಕ ಕಟ್ಟಡಗಳನ್ನು ಮುಂದಿಟ್ಟುಕೊಂಡು ಈ ಹಂತದ ಸ್ವರೂಪವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಮೈಸೂರಿನ ಎರಡು ಕಟ್ಟಡಗಳು

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ಮತ್ತು ದೇವರಾಜ ಮಾರುಕಟ್ಟೆ ಈ ಚರ್ಚೆಗೆ ಸಹಜವಾದ ಆರಂಭಬಿಂದುಗಳು. ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಅವರು 1892ರಲ್ಲಿ ಮೈಸೂರಿಗೆ ಭೇಟಿ ನೀಡಿದ ನೆನಪಿಗೆ ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಮೊದಲನೆಯದಕ್ಕೆ ಆ ಹೆಸರು ಬಂದಿತು. ಅದಕ್ಕೂ ಹಿಂದಿನ ವೈಸ್‌ರಾಯ್ ಲಾರ್ಡ್ ಡಫರಿನ್ ಅವರ 1886ರ ಭೇಟಿಯ ಸ್ಮಾರಕವಾದ ಚಿಕ್ಕ ಗಡಿಯಾರ ಅಲ್ಲಿಗೆ ಕೂಗಳತೆಯ ದೂರ. ಅದರ ಆಚೆಗೆ ಸಯ್ಯಾಜಿರಾವ್ ರಸ್ತೆಗೂ ಧನ್ವಂತರಿ ರಸ್ತೆಗೂ ಮುಖ ಮಾಡಿಕೊಂಡ ದೇವರಾಜ ಮಾರುಕಟ್ಟೆ. ಹೂವು, ಹಣ್ಣು, ವೀಳ್ಯದೆಲೆ, ಅರಿಸಿನ ಕುಂಕುಮಗಳ ಆ ಮಾರುಕಟ್ಟೆಯೂ, ಹಳೆಯ ಪುಸ್ತಕಗಳ ಅಂಗಡಿಗಳಿಂದ ಹೆಸರಾದ ಲ್ಯಾನ್ಸ್‌ಡೌನ್ ಕಟ್ಟಡವೂ ಅರಮನೆಯಷ್ಟೇ ಊರಿನ ಗುರುತುಗಳು. ಮೈಸೂರಿನಲ್ಲಿ ಓದಿದ ಕನ್ನಡ ವಿದ್ಯಾರ್ಥಿಗಳ ಹಲವು ತಲೆಮಾರುಗಳು ತಮ್ಮ ಪಠ್ಯಗಳನ್ನು ಅರ್ಧ ಬೆಲೆಗೆ ಕೊಂಡದ್ದು ಆ ಕಮಾನುಗಳ ಕೆಳಗೆ.

2012ರ ಆಗಸ್ಟ್ ತಿಂಗಳಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ನಾಲ್ಕು ವರ್ಷಗಳ ನಂತರ, 2016ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಕುಸಿಯಿತು. ಆ ನಂತರ ನಡೆದ ವಾದವಿವಾದ ಪ್ರಸಿದ್ಧವಾದುದು. ಇರುವುದನ್ನು ಕೆಡವಿ ಅದೇ ರೂಪದಲ್ಲಿ ಹೊಸತಾಗಿ ಕಟ್ಟಬೇಕೆಂದು ಒಂದು ಪಕ್ಷ ಹೇಳಿದರೆ, ಇರುವುದನ್ನೇ ಬಲಪಡಿಸಿ ಉಳಿಸಬಹುದೆಂದು ಇನ್ನೊಂದು ಪಕ್ಷ ಹೇಳಿತು. ತಜ್ಞರ ಅಭಿಪ್ರಾಯಗಳು ಭಿನ್ನವಾದವು, ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಈ ವಿವಾದದಲ್ಲಿ ಯಾರ ನಿಲುವು ಸರಿ ಎಂಬುದು ಇಲ್ಲಿಯ ವಿಷಯವಲ್ಲ. ಎರಡೂ ಪಕ್ಷಗಳ ಮಾತಿನಲ್ಲಿ ಒಂದು ಆತಂಕ ಸಮಾನವಾಗಿತ್ತು ಎಂಬುದಷ್ಟೇ ಗಮನಾರ್ಹ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಂಥ ಕಟ್ಟಡವನ್ನು ಬಲ್ಲವರು ಎಲ್ಲಿದ್ದಾರೆ, ಇದ್ದರೂ ಅವರು ಸರ್ಕಾರದ ಗುತ್ತಿಗೆಯ ವ್ಯವಸ್ಥೆಯೊಳಗೆ ಬರಬಲ್ಲರೆ ಎಂಬುದೇ ಆ ಆತಂಕ. ನಾಲ್ವರ ಸಾವನ್ನು ಕಂಡ ಊರಿನಲ್ಲಿ ಇದು ಕೇವಲ ಅಂದಚೆಂದದ ಪ್ರಶ್ನೆಯಾಗಿ ಉಳಿಯಲಾರದು.

2. ಪದಗಳು ಮತ್ತು ಅವುಗಳ ಹಿಂದಿನ ಕಲ್ಪನೆಗಳು

ಕಟ್ಟಡವನ್ನು ಸರಿಪಡಿಸುವ ಕ್ರಿಯೆಗೆ ಕನ್ನಡದಲ್ಲಿ ಹಲವು ಪದಗಳು ಬಳಕೆಯಲ್ಲಿವೆ. ಸಂಸ್ಕೃತದಿಂದ ಬಂದ ಜೀರ್ಣೋದ್ಧಾರ, ಪಾರಸಿಯ ದುರಸ್ತಿ, ಅರಬ್ಬೀ ಮೂಲದ ಮರಾಮತ್ತು, ಇಂಗ್ಲಿಷಿನ ರಿಪೇರಿ ಎಲ್ಲವೂ ನಮ್ಮಲ್ಲಿ ಸಲ್ಲುತ್ತವೆ. ಇವುಗಳ ಜೊತೆಗೆ ನವೀಕರಣ, ಪುನರ್ನಿರ್ಮಾಣ, ಸಂರಕ್ಷಣೆ ಎಂಬ ಆಧುನಿಕ ರೂಪಗಳೂ ಸೇರಿವೆ. ದಿನಬಳಕೆಯಲ್ಲಿ ಇವುಗಳ ನಡುವಿನ ಗಡಿ ಮಸುಕಾಗಿದ್ದರೆ ತೊಂದರೆಯಿಲ್ಲ. ಟೆಂಡರು ದಾಖಲೆಯಲ್ಲಿ ಮಾತ್ರ ಆ ಮಸುಕು ಅಪಾಯಕಾರಿ. ‘ನವೀಕರಣ’ ಎಂದು ಬರೆದ ಕಾಮಗಾರಿಯಲ್ಲಿ ಹಳೆಯ ಗಾರೆಯನ್ನು ಪೂರ್ತಿ ಕೆತ್ತಿ ಸಿಮೆಂಟು ಬಳಿದರೂ ಗುತ್ತಿಗೆದಾರ ಕರಾರನ್ನು ಮುರಿದಂತಾಗುವುದಿಲ್ಲ. ‘ಸಂರಕ್ಷಣೆ’ ಎಂದು ಬರೆದು ಅದರ ಅರ್ಥವನ್ನು ವಿವರಿಸಿದ್ದರೆ ಅದೇ ಕೆಲಸ ಕರಾರಿನ ಉಲ್ಲಂಘನೆಯಾಗುತ್ತದೆ.

ನಮ್ಮ ಶಾಸನಗಳಲ್ಲಿ ದೇವಾಲಯಗಳಿಗೆ ಬಿಟ್ಟ ದತ್ತಿಗಳ ಉದ್ದೇಶಗಳನ್ನು ಹೇಳುವಾಗ ಅಂಗಭೋಗ, ರಂಗಭೋಗ, ಆಹಾರದಾನಗಳ ಜೊತೆಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕೆ ಎಂಬುದು ಇದರ ಅರ್ಥ. ಇಲ್ಲಿ ಎರಡು ಅಂಶಗಳಿವೆ. ಮೊದಲನೆಯದಾಗಿ, ಉದ್ಧರಿಸಬೇಕಾದುದು ಒಡೆದ ಭಾಗ ಮಾತ್ರ, ಇಡೀ ಕಟ್ಟಡವಲ್ಲ. ಎರಡನೆಯದಾಗಿ, ಅದಕ್ಕೆ ಮೀಸಲಾದುದು ಒಮ್ಮೆ ಕೊಟ್ಟು ಮುಗಿಯುವ ಹಣವಲ್ಲ, ವರ್ಷ ವರ್ಷವೂ ಹುಟ್ಟುವಳಿ ಕೊಡುವ ಭೂಮಿ. ಕೆರೆಗಳ ವಿಷಯದಲ್ಲಿ ದಶವಂದ, ಕಟ್ಟುಗೊಡಗೆಗಳಂಥ ದತ್ತಿಗಳೂ ಇದೇ ತಿಳಿವಳಿಕೆಯವು. ಕಟ್ಟಿದ್ದು ಬಿರಿಯುತ್ತಲೇ ಇರುತ್ತದೆ, ಆದ್ದರಿಂದ ಅದನ್ನು ನೋಡಿಕೊಳ್ಳುವ ಕೈಯೂ ಅದಕ್ಕೆ ಬೇಕಾದ ಆದಾಯವೂ ನಿರಂತರವಾಗಿರಬೇಕು ಎಂಬುದನ್ನು ಹಿಂದಿನವರು ಅರಿತಿದ್ದರು. ‘ಗುತ್ತಿಗೆ’ ಎಂಬ ಪದದ ಚರಿತ್ರೆಯೂ ಸ್ವಾರಸ್ಯಕರ. ಶಾಸನಗಳ ‘ಗುತ್ತಗೆ’ ನಿಗದಿಯಾದ ಮೊತ್ತಕ್ಕೆ ಭೂಮಿಯನ್ನು ವಹಿಸಿಕೊಳ್ಳುವ ಪದ್ಧತಿ. ಇಂದಿನ ಗುತ್ತಿಗೆಯಲ್ಲಿಯೂ ನಿಗದಿಯಾದ ಮೊತ್ತ ಎಂಬ ಅರ್ಥವೇ ಉಳಿದಿದೆ. ಜೀರ್ಣೋದ್ಧಾರ ನಿರಂತರವಾದುದು, ಗುತ್ತಿಗೆ ನಿಗದಿಯಾದುದು. ಈ ಎರಡು ಕಲ್ಪನೆಗಳನ್ನು ಒಂದೇ ಕರಾರಿನಲ್ಲಿ ಕೂಡಿಸುವುದೇ ಇಲ್ಲಿನ ಮುಖ್ಯ ಸಮಸ್ಯೆ.

3. ಗಾರೆ, ತಾರಸಿ ಮತ್ತು ಕಟ್ಟಡದ ಸ್ವಭಾವ

ಹತ್ತೊಂಬತ್ತನೆಯ ಶತಮಾನದ ಕೊನೆಯ ವ್ಯಾಪಾರ ಕಟ್ಟಡಗಳ ಸಾಮಾನ್ಯ ರಚನೆಯನ್ನು ತಿಳಿಯದೆ ಗುತ್ತಿಗೆದಾರನ ಅರ್ಹತೆಯನ್ನು ನಿರ್ಧರಿಸಲಾಗದು. ಅವುಗಳ ಗೋಡೆ ಸುಟ್ಟ ಇಟ್ಟಿಗೆಯದು ಅಥವಾ ಕಲ್ಲಿನದು, ಬೆಸೆಯುವ ಪದಾರ್ಥ ಸುಣ್ಣದ ಗಾರೆ. ಅರಳಿಸಿದ ಸುಣ್ಣಕ್ಕೆ ಮರಳನ್ನೂ ಇಟ್ಟಿಗೆಯ ಪುಡಿಯಾದ ಸುರಕಿಯನ್ನೂ ಬೆರೆಸಿ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿಯ ರಸಗಳನ್ನು ಸೇರಿಸುವ ರೂಢಿಯೂ ಇತ್ತು. ಮೇಲ್ಛಾವಣಿ ಸಾಮಾನ್ಯವಾಗಿ ಮದ್ರಾಸ್ ತಾರಸಿ. ತೇಗದ ತೊಲೆಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿ, ಅದರ ಮೇಲೆ ಇಟ್ಟಿಗೆಚೂರು ಮತ್ತು ಸುಣ್ಣದ ಗಚ್ಚನ್ನು ಹಾಸಿ, ಮರದ ಹಲಗೆಗಳಿಂದ ದಿನಗಟ್ಟಲೆ ಬಡಿದು ಗಟ್ಟಿ ಮಾಡುತ್ತಿದ್ದರು.

ಸುಣ್ಣದ ಗಾರೆ ನಿಧಾನವಾಗಿ, ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಗಟ್ಟಿಯಾಗುತ್ತದೆ. ಅದು ಇಟ್ಟಿಗೆಗಿಂತ ಮೆದು, ತೇವವನ್ನು ಒಳಗೆ ಬಿಟ್ಟುಕೊಂಡು ಹೊರಗೆ ಹಾಯಿಸಬಲ್ಲದು. ಕಟ್ಟಡ ಸ್ವಲ್ಪ ಅಲುಗಿದರೆ ಬಿರುಕು ಗಾರೆಯಲ್ಲಿ ಕಾಣಿಸಿಕೊಳ್ಳುತ್ತದೆಯೇ ಹೊರತು ಇಟ್ಟಿಗೆ ಒಡೆಯುವುದಿಲ್ಲ. ಇಂಥ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿದರೆ ಮೊದಲ ಎರಡು ಮೂರು ವರ್ಷ ನೋಡಲು ಚೆನ್ನಾಗಿಯೇ ಇರುತ್ತದೆ. ಅನಂತರ ಒಳಗೆ ಸಿಕ್ಕಿಕೊಂಡ ತೇವ ಹೊರದಾರಿ ಕಾಣದೆ ಲವಣಗಳನ್ನು ಇಟ್ಟಿಗೆಯ ಮೈಯಲ್ಲಿಯೇ ಸ್ಫಟಿಕವಾಗಿಸಿ ಅದನ್ನು ಪುಡಿ ಮಾಡುತ್ತದೆ. ಗೋಡೆಯೊಳಗೆ ಹುದುಗಿದ ತೊಲೆಯ ತುದಿಗಳು ಕೊಳೆಯುತ್ತವೆ. ಮದ್ರಾಸ್ ತಾರಸಿಯ ಅತ್ಯಂತ ದುರ್ಬಲ ಸ್ಥಳ ಈ ತುದಿಗಳೇ. ಹೊರಗಿನಿಂದ ತೊಲೆ ಗಟ್ಟಿಯಾಗಿ ಕಂಡರೂ ಗೋಡೆಯೊಳಗಿನ ಒಂದು ಅಡಿ ಟೊಳ್ಳಾಗಿದ್ದರೆ ಮಳೆಗಾಲದ ಭಾರಕ್ಕೆ ಛಾವಣಿ ಮುನ್ಸೂಚನೆಯಿಲ್ಲದೆ ಕೆಳಗಿಳಿಯಬಹುದು.

ಇದಕ್ಕೆ ವ್ಯಾಪಾರ ಕಟ್ಟಡಗಳಿಗೇ ವಿಶಿಷ್ಟವಾದ ಕಾರಣಗಳೂ ಕೂಡಿಕೊಳ್ಳುತ್ತವೆ. ಅಂಗಡಿಯನ್ನು ಅಗಲ ಮಾಡಲು ನಡುಗೋಡೆಯನ್ನು ಒಡೆಯುವುದು, ಉರುಳುಬಾಗಿಲಿಗಾಗಿ ಕಮಾನಿನ ಬುಡವನ್ನು ಕೆತ್ತುವುದು, ಸೋರುವ ತಾರಸಿಯ ಮೇಲೆ ಪದರದ ಮೇಲೆ ಪದರ ಹಾಕುತ್ತ ಭಾರ ಹೆಚ್ಚಿಸುವುದು, ನೀರಿನ ತೊಟ್ಟಿಗಳನ್ನು ಇಡುವುದು, ಗೋಡೆಯ ಸಂದಿನಲ್ಲಿ ಬೇರೂರಿದ ಅರಳಿಯ ಸಸಿಯನ್ನು ಕಡೆಗಣಿಸುವುದು ಎಲ್ಲವೂ ಎಲ್ಲ ಊರುಗಳ ಹಳೆಯ ಪೇಟೆಗಳಲ್ಲಿ ಕಾಣುವಂಥವು. ಒಡೆತನ ಒಬ್ಬರದು, ಬಾಡಿಗೆದಾರರು ಹಲವರು, ಬಾಡಿಗೆ ಅತ್ಯಲ್ಪ. ಆದ್ದರಿಂದ ಮಳೆಗಾಲಕ್ಕೆ ಮುಂಚೆ ದೋಣಿಕೊಳವೆಯ ಕಸ ತೆಗೆಯುವುದೂ ಯಾರ ಹೊಣೆಯೂ ಅಲ್ಲ. ಹೀಗೆ ದಶಕಗಳ ಕಾಲ ಬಿಟ್ಟ ಚಿಕ್ಕ ಕೆಲಸಗಳು ಒಟ್ಟಾಗಿ ಒಂದು ದಿನ ಕೋಟಿಗಟ್ಟಲೆ ರೂಪಾಯಿಯ ಕಾಮಗಾರಿಯಾಗಿ ಟೆಂಡರಿಗೆ ಬರುತ್ತವೆ.

4. ಟೆಂಡರಿನ ಕ್ರಮ ಮತ್ತು ಅದರ ತೊಡಕುಗಳು

ಕರ್ನಾಟಕದಲ್ಲಿ ಸಾರ್ವಜನಿಕ ಕಾಮಗಾರಿಗಳ ಗುತ್ತಿಗೆಯನ್ನು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಮತ್ತು ಅದರಡಿಯ 2000ದ ನಿಯಮಗಳು ನಿಯಂತ್ರಿಸುತ್ತವೆ. ಅಧಿಕಾರಿಯ ಇಚ್ಛೆಗೆ ಬಿಟ್ಟ ಆಯ್ಕೆಯಿಂದ ಉಂಟಾಗುತ್ತಿದ್ದ ಪಕ್ಷಪಾತವನ್ನು ತಡೆಯುವುದು ಈ ಕಾನೂನಿನ ಆಶಯ. ಆ ಆಶಯವನ್ನು ಯಾರೂ ಅಲ್ಲಗಳೆಯಲಾರರು. ರಸ್ತೆ, ಚರಂಡಿ, ಶಾಲಾ ಕೊಠಡಿಗಳಂಥ ಕೆಲಸಗಳಲ್ಲಿ, ಎಲ್ಲ ಅರ್ಹ ಗುತ್ತಿಗೆದಾರರೂ ಒಂದೇ ಬಗೆಯ ವಸ್ತುವನ್ನು ಕೊಡುತ್ತಾರೆಂದು ಭಾವಿಸಿ ಅತಿ ಕಡಿಮೆ ಬೆಲೆ ಕೇಳಿದವರಿಗೆ ಕೆಲಸ ವಹಿಸುವುದು ನ್ಯಾಯವೇ ಸರಿ. ಪಾರಂಪರಿಕ ಕಟ್ಟಡದ ವಿಷಯದಲ್ಲಿ ಆ ಭಾವನೆಯೇ ಸಲ್ಲದು. ಇಲ್ಲಿನ ತೊಡಕುಗಳನ್ನು ಮೂರಾಗಿ ವಿಂಗಡಿಸಬಹುದು.

ಮೊದಲನೆಯದು ಅರ್ಹತೆಯ ವ್ಯಾಖ್ಯೆ. ಕಳೆದ ಇಷ್ಟು ವರ್ಷಗಳಲ್ಲಿ ಇಂತಿಷ್ಟು ಮೊತ್ತದ ‘ಸದೃಶ ಕಾಮಗಾರಿ’ ಮಾಡಿರಬೇಕೆಂಬುದು ಟೆಂಡರಿನ ವಾಡಿಕೆಯ ಷರತ್ತು. ಕೇಂದ್ರ ಲೋಕೋಪಯೋಗಿ ಇಲಾಖೆಯ ರೂಢಿಯಂತೆ ಕಳೆದ ಏಳು ವರ್ಷಗಳಲ್ಲಿ ಅಂದಾಜು ಮೊತ್ತದ ಶೇಕಡಾ 40ರಷ್ಟು ಬೆಲೆಯ ಮೂರು, ಇಲ್ಲವೆ ಶೇಕಡಾ 60ರಷ್ಟು ಬೆಲೆಯ ಎರಡು, ಇಲ್ಲವೆ ಶೇಕಡಾ 80ರಷ್ಟು ಬೆಲೆಯ ಒಂದು ಸದೃಶ ಕಾಮಗಾರಿಯನ್ನು ಪೂರೈಸಿರಬೇಕು. ಇಲ್ಲಿ ‘ಸದೃಶ’ ಎಂಬ ಪದವನ್ನು ‘ಕಟ್ಟಡ ಕಾಮಗಾರಿ’ ಎಂದಷ್ಟೇ ವಿವರಿಸಿದರೆ ಕಾಂಕ್ರೀಟಿನ ವಸತಿ ಸಮುಚ್ಚಯ ಕಟ್ಟಿದವರು ಅರ್ಹರಾಗುತ್ತಾರೆ. ಜೀವಮಾನವಿಡೀ ಸುಣ್ಣದ ಕೆಲಸ ಮಾಡಿದ ಮೇಸ್ತ್ರಿ, ಅವನ ಕೆಲಸಗಳೆಲ್ಲ ಸಣ್ಣ ಮೊತ್ತದವಾದ್ದರಿಂದ, ಹೊರಗುಳಿಯುತ್ತಾನೆ.

ಎರಡನೆಯದು ದರಪಟ್ಟಿ. ಅಂದಾಜುಪಟ್ಟಿ ಸಿದ್ಧವಾಗುವುದು ಇಲಾಖೆಯ ನಿಗದಿತ ದರಗಳ ಆಧಾರದ ಮೇಲೆ. ತಿಂಗಳುಗಟ್ಟಲೆ ನೀರಿನಲ್ಲಿ ಅರಳಿಸಿದ ಸುಣ್ಣ, ಗಾಣದ ಅರೆತ, ದಿನಗಟ್ಟಲೆಯ ಬಡಿತ, ಗಾರೆಗೊಂಬೆಯ ಮರುರಚನೆ ಇವುಗಳಿಗೆ ತಕ್ಕ ದರ ಆ ಪಟ್ಟಿಯಲ್ಲಿ ಸಿಗುವುದು ಕಷ್ಟ. ಹತ್ತಿರದ ಬಾಬನ್ನು ಹುಡುಕಿ ಸೇರಿಸಿದಾಗ ಸಿಮೆಂಟಿನ ಕೆಲಸ ಹಿಂಬಾಗಿಲಿನಿಂದ ಒಳಬರುತ್ತದೆ.

ಮೂರನೆಯದು ಹಣ ಪಾವತಿಯ ಅಳತೆ. ಇದು ಹೆಚ್ಚು ಸೂಕ್ಷ್ಮವಾದುದು, ಹೆಚ್ಚು ಹಾನಿ ಮಾಡುವುದೂ ಇದೇ. ಗುತ್ತಿಗೆದಾರನಿಗೆ ಹಣ ಸಲ್ಲುವುದು ಮಾಡಿದ ಕೆಲಸದ ಚದರ ಮೀಟರ್, ಘನ ಮೀಟರ್ ಲೆಕ್ಕದಲ್ಲಿ. ಹತ್ತು ಚದರ ಮೀಟರ್ ಗಿಲಾವಿನಲ್ಲಿ ಎರಡು ಮಾತ್ರ ಸಡಿಲವಾಗಿದ್ದರೆ ಎಂಟನ್ನು ಉಳಿಸಿಕೊಳ್ಳುವುದು ಸಂರಕ್ಷಣೆಯ ಧರ್ಮ. ಆದರೆ ಹತ್ತನ್ನೂ ಕೆತ್ತಿ ಹೊಸತಾಗಿ ಬಳಿದರೆ ಐದರಷ್ಟು ಹಣ ಬರುತ್ತದೆ. ಉಳಿಸಿದ್ದಕ್ಕೆ ಅಳತೆಯ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ. ಹೀಗೆ ಪ್ರಾಮಾಣಿಕನಾದ ಗುತ್ತಿಗೆದಾರನನ್ನೂ ಕರಾರಿನ ರಚನೆಯೇ ಕೆಡವುವ ಕಡೆಗೆ ತಳ್ಳುತ್ತದೆ. ದೋಷವನ್ನು ವ್ಯಕ್ತಿಯಲ್ಲಿ ಹುಡುಕುವ ಬದಲು ಕಾಗದದಲ್ಲಿ ಹುಡುಕಬೇಕಾದ ಸ್ಥಳವಿದು.

5. ಕರೆಯನ್ನು ಹೇಗೆ ಬರೆಯಬೇಕು

ಈ ತೊಡಕುಗಳಿಗೆ ಕಾನೂನಿನ ಚೌಕಟ್ಟಿನೊಳಗೇ ಪರಿಹಾರಗಳಿವೆ. ಟೆಂಡರಿಗೆ ಮೊದಲೇ, ಗುತ್ತಿಗೆದಾರನಿಂದ ಪ್ರತ್ಯೇಕನಾದ ಸಂರಕ್ಷಣಾ ವಾಸ್ತುಶಿಲ್ಪಿಯಿಂದಲೂ ರಚನಾ ಎಂಜಿನಿಯರಿನಿಂದಲೂ ಕಟ್ಟಡದ ಸ್ಥಿತಿಗತಿಯ ವರದಿಯನ್ನು ಮಾಡಿಸಬೇಕು. ಪ್ರತಿ ಕೊಠಡಿಯ ನಕ್ಷೆ, ಛಾಯಾಚಿತ್ರ, ಬಿರುಕುಗಳ ದಾಖಲೆ, ತೊಲೆಯ ತುದಿಗಳ ಪರೀಕ್ಷೆ, ಮೂಲ ಗಾರೆಯ ವಿಶ್ಲೇಷಣೆ ಇವಿಲ್ಲದೆ ಕರೆದ ಟೆಂಡರು ರೋಗಿಯನ್ನು ನೋಡದೆ ಬರೆದ ಔಷಧಿಯ ಚೀಟಿಯಂತೆ.

ಅರ್ಹತೆಯ ಷರತ್ತಿನಲ್ಲಿ ‘ಸದೃಶ ಕಾಮಗಾರಿ’ ಎಂದರೆ ಸುಣ್ಣದ ಗಾರೆಯ, ಮರದ ತೊಲೆಯ ಛಾವಣಿಯ ಹಳೆಯ ಕಟ್ಟಡದ ಸಂರಕ್ಷಣೆ ಎಂದು ಬಿಡಿಸಿ ಹೇಳಬೇಕು. ಮೊತ್ತದ ಮಿತಿಯನ್ನು ತಗ್ಗಿಸಿ, ಅಂಥ ಕೆಲಸದ ಸಂಖ್ಯೆ ಮತ್ತು ಗುಣಕ್ಕೆ ಒತ್ತು ಕೊಡಬೇಕು. ದೊಡ್ಡ ಗುತ್ತಿಗೆದಾರನೂ ಕುಶಲ ತಂಡವೂ ಜಂಟಿಯಾಗಿ ಭಾಗವಹಿಸಲು ಅವಕಾಶವಿರಬೇಕು. ಒಬ್ಬರಲ್ಲಿ ಬಂಡವಾಳ ಮತ್ತು ಠೇವಣಿ, ಇನ್ನೊಬ್ಬರಲ್ಲಿ ವಿದ್ಯೆ. ಕೆಲಸ ಮಾಡುವ ಮುಖ್ಯ ಮೇಸ್ತ್ರಿಗಳ ವಿವರವನ್ನು ಟೆಂಡರಿನಲ್ಲಿಯೇ ಪಡೆದು, ಅವರನ್ನು ಬದಲಿಸುವಾಗ ಒಪ್ಪಿಗೆ ಪಡೆಯಬೇಕೆಂಬ ಷರತ್ತನ್ನು ಸೇರಿಸಬೇಕು.

ಎರಡು ಲಕೋಟೆಗಳ ಪದ್ಧತಿಯಲ್ಲಿ ತಾಂತ್ರಿಕ ಲಕೋಟೆಯನ್ನು ಮೊದಲು ತೆರೆದು, ಅದರಲ್ಲಿ ತೇರ್ಗಡೆಯಾದವರ ಬೆಲೆಯನ್ನು ಮಾತ್ರ ನೋಡಲು ನಿಯಮಗಳಲ್ಲಿ ಅವಕಾಶವಿದೆ. ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸೂಚನೆಗಳು ಇನ್ನೂ ಮುಂದೆ ಹೋಗಿ, ಗುಣಪ್ರಧಾನವೆಂದು ಘೋಷಿಸಿದ ಕಾಮಗಾರಿಗಳಲ್ಲಿ ಗುಣಕ್ಕೆ ಶೇಕಡಾ 30ರವರೆಗೆ ಅಂಕ ಕೊಟ್ಟು ಬೆಲೆಯೊಡನೆ ಕೂಡಿಸುವ ಕ್ರಮವನ್ನು ಒಪ್ಪಿಕೊಂಡಿವೆ. ಪಾರಂಪರಿಕ ಕಟ್ಟಡಕ್ಕಿಂತ ಗುಣಪ್ರಧಾನವಾದ ಕಾಮಗಾರಿ ಬೇರೆ ಯಾವುದಿದ್ದೀತು? ತಾಂತ್ರಿಕ ಹಂತದಲ್ಲಿ ಕಾಗದದ ಪ್ರಮಾಣಪತ್ರಗಳ ಜೊತೆಗೆ ಕೈಯ ಪರೀಕ್ಷೆಯೂ ಇರಬೇಕು. ಕಟ್ಟಡದ ಹಿಂಬದಿಯ ಗೋಡೆಯಲ್ಲಿ ಒಂದು ಚದರ ಮೀಟರಿನ ಮಾದರಿಯನ್ನು ಪ್ರತಿಯೊಬ್ಬರಿಂದಲೂ ಮಾಡಿಸಿ, ಒಣಗಿದ ನಂತರ ನೋಡಿದರೆ ಹತ್ತು ಪ್ರಮಾಣಪತ್ರಗಳು ಹೇಳದುದನ್ನು ಅದು ಹೇಳುತ್ತದೆ.

ವಸ್ತುವಿನ ಗುಣಕ್ಕೆ ಭಾರತೀಯ ಮಾನಕಗಳಿವೆ. ಕಟ್ಟಡದ ಸುಣ್ಣಕ್ಕೆ ಐಎಸ್ 712, ಸುಣ್ಣದ ಗಾರೆಯ ತಯಾರಿಕೆಗೆ ಐಎಸ್ 1625. ಕೇಂದ್ರ ಲೋಕೋಪಯೋಗಿ ಇಲಾಖೆ 2013ರಲ್ಲಿ ಪಾರಂಪರಿಕ ಕಟ್ಟಡಗಳ ಸಂರಕ್ಷಣೆಗೇ ಕೈಪಿಡಿಯೊಂದನ್ನು ಹೊರತಂದಿದೆ. ಇವುಗಳನ್ನು ಕರಾರಿನಲ್ಲಿ ಹೆಸರಿಸಬೇಕು. ಪಾವತಿಯ ಪಟ್ಟಿಯಲ್ಲಿ ‘ಇರುವ ಗಿಲಾವನ್ನು ತಟ್ಟಿ ನೋಡಿ, ಶುಚಿಗೊಳಿಸಿ, ಉಳಿಸಿಕೊಳ್ಳುವುದು’ ಎಂಬುದನ್ನೇ ಒಂದು ಬಾಬನ್ನಾಗಿ ಮಾಡಿ ದರ ಕೊಡಬೇಕು. ಗೋಡೆಯನ್ನು ತೆರೆದಾಗ ಮಾತ್ರ ಕಾಣುವ ಹಾನಿಗಾಗಿ ಮೀಸಲು ಮೊತ್ತವಿರಬೇಕು. ಇಲ್ಲವಾದರೆ ಟೊಳ್ಳಾದ ತೊಲೆಯನ್ನು ಕಂಡ ಗುತ್ತಿಗೆದಾರ ಅದನ್ನು ಮತ್ತೆ ಮುಚ್ಚಿಬಿಡುವ ಸಂಭವವಿದೆ. ಅಂಥ ಮುಚ್ಚುವಿಕೆಯ ಬೆಲೆಯನ್ನು ತೆರುವವರು ಕೆಳಗಿನ ಅಂಗಡಿಯಲ್ಲಿ ಕುಳಿತವರು.

ಕಾಲದ ಪ್ರಶ್ನೆಯೂ ಮುಖ್ಯ. ಸುಣ್ಣಕ್ಕೆ ತನ್ನದೇ ಆದ ವೇಗವಿದೆ, ಮಾರ್ಚ್ ತಿಂಗಳ ಕೊನೆಗೆ ಅನುದಾನ ಮುಗಿಸಬೇಕೆಂಬ ಕಚೇರಿಯ ಅವಸರ ಅದಕ್ಕೆ ತಿಳಿಯದು. ತಾರಸಿಯ ಕೆಲಸ ಮಳೆಗೆ ಮುಂಚೆ ಮುಗಿದು ಒಣಗಿರಬೇಕು. ದೋಷಗಳ ಹೊಣೆಗಾರಿಕೆಯ ಅವಧಿ ಕನಿಷ್ಠ ಎರಡು ಮೂರು ಮಳೆಗಾಲಗಳನ್ನಾದರೂ ಒಳಗೊಂಡಿರಬೇಕು. ಅದರಾಚೆಗೆ ವಾರ್ಷಿಕ ನಿರ್ವಹಣೆಯನ್ನೂ ಅದೇ ತಂಡಕ್ಕೆ ಕೆಲವು ವರ್ಷ ವಹಿಸಿ, ಅಂಗಡಿಗಳ ಬಾಡಿಗೆಯ ಒಂದು ಪಾಲನ್ನು ಅದಕ್ಕೆ ಮೀಸಲಿಟ್ಟರೆ ಶಾಸನಗಳ ಖಂಡಸ್ಫುಟಿತ ಜೀರ್ಣೋದ್ಧಾರದ ದತ್ತಿಗೆ ಇಂದಿನ ರೂಪ ಕೊಟ್ಟಂತಾಗುತ್ತದೆ.

6. ಕೈಗಳೂ ಅಂಗಡಿಗಳೂ

ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ ತಮ್ಮ ಹೆಸರನ್ನು ಕೆತ್ತಿಕೊಂಡರು. ‘ಓಜ’ ಎಂಬುದು ಉಪಾಧ್ಯಾಯ ಪದದ ತದ್ಭವ. ಕೆಲಸ ಬಲ್ಲವನು ಕಲಿಸುವವನೂ ಹೌದು ಎಂಬ ಮನ್ನಣೆ ಆ ಪದದಲ್ಲಿದೆ. ಪೋರ್ಚುಗೀಸಿನಿಂದ ಬಂದ ‘ಮೇಸ್ತ್ರಿ’ಗೂ ಗುರು ಎಂಬುದೇ ಮೂಲಾರ್ಥ. ಇಂದಿನ ಕರಾರುಗಳಲ್ಲಿ ಮಾತ್ರ ಈ ಗುರು ‘ಕುಶಲ ಕಾರ್ಮಿಕ’ ಎಂಬ ದಿನಗೂಲಿಯ ಬಾಬಾಗಿದ್ದಾನೆ. ಇಂಟ್ಯಾಕ್ ಸಂಸ್ಥೆ 2004ರಲ್ಲಿ ಅಂಗೀಕರಿಸಿದ ಸನ್ನದು, ಕಾನೂನಿನ ರಕ್ಷಣೆಯಿಲ್ಲದ ಪಾರಂಪರಿಕ ಕಟ್ಟಡಗಳ ವಿಷಯದಲ್ಲಿ ಸ್ಥಪತಿ ಮತ್ತು ಮೇಸ್ತ್ರಿಗಳ ಜ್ಞಾನಪರಂಪರೆಯನ್ನೂ ಉಳಿಸಬೇಕಾದ ಪರಂಪರೆಯೆಂದೇ ಪರಿಗಣಿಸಿದೆ. ಕಿಟೆಲರ ನಿಘಂಟು 1894ರಲ್ಲಿ, ಅಂದರೆ ಲ್ಯಾನ್ಸ್‌ಡೌನ್ ಭೇಟಿಯ ಎರಡು ವರ್ಷಗಳ ನಂತರ, ಪ್ರಕಟವಾಯಿತು. ಆ ಕಾಲದಲ್ಲಿ ಗಾರೆ, ಗಚ್ಚು ಎಂಬುವು ಬೀದಿಯ ಮಾತುಗಳಾಗಿದ್ದವು. ಇಂದು ಕೆಲಸ ನಿಂತಂತೆ ಅದರ ಮಾತೂ ಮರೆಯಾಗುತ್ತಿದೆ. ಗಾರೆಯ ಹದ, ಬಡಿತದ ಲಯ, ಅಳತೆಗಳ ಹೆಸರುಗಳನ್ನು ಉಳಿದಿರುವ ಮೇಸ್ತ್ರಿಗಳಿಂದ ಕೇಳಿ ದಾಖಲಿಸುವುದು ಕನ್ನಡ ವಿಭಾಗಗಳು ಕೈಗೊಳ್ಳಬಹುದಾದ ಕ್ಷೇತ್ರಕಾರ್ಯ. ಆ ಪದಕೋಶ ಟೆಂಡರು ಬರೆಯುವ ಎಂಜಿನಿಯರಿಗೂ ಉಪಯುಕ್ತವಾದೀತು.

ಕೊನೆಯದಾಗಿ, ವ್ಯಾಪಾರ ಕಟ್ಟಡವೆಂದರೆ ಬರಿಯ ಗೋಡೆಯಲ್ಲ. ಬಾಡಿಗೆದಾರರನ್ನು ಒಮ್ಮೆಗೇ ತೆರವುಗೊಳಿಸಿ ಐದಾರು ವರ್ಷ ಬೀಗ ಹಾಕಿದರೆ, ಕಟ್ಟಡ ಉಳಿದರೂ ಪೇಟೆ ಉಳಿಯುವುದಿಲ್ಲ. ಗಿರಾಕಿ ಬೇರೆ ದಾರಿ ಹಿಡಿದಿರುತ್ತಾನೆ. ಕಟ್ಟಡದ ಸ್ಥಿತಿ ಅನುಮತಿಸುವಲ್ಲಿ ಕೆಲಸವನ್ನು ಭಾಗಗಳಾಗಿ ವಿಂಗಡಿಸಿ, ಒಂದು ಸಾಲಿನ ಅಂಗಡಿಗಳಿಗೆ ತಾತ್ಕಾಲಿಕ ಸ್ಥಳ ಕೊಟ್ಟು, ಮರಳಿ ಬರುವ ಹಕ್ಕನ್ನು ಲಿಖಿತವಾಗಿ ಖಾತರಿಪಡಿಸುವುದು ಗುತ್ತಿಗೆಯ ಷರತ್ತುಗಳ ಭಾಗವಾಗಬೇಕು. ಅಪಾಯವಿರುವ ಕಡೆ ಆಧಾರಗಂಬಗಳನ್ನು ಕೊಟ್ಟು ಜನರನ್ನು ಹೊರಗೆ ಕಳುಹಿಸುವುದು ಎಲ್ಲಕ್ಕಿಂತ ಮೊದಲ ಕೆಲಸ. ಅದಕ್ಕೆ ಯಾವ ಪರಂಪರೆಯ ವಾದವೂ ಅಡ್ಡಿಯಾಗಬಾರದು.

ಒಟ್ಟಿನಲ್ಲಿ ಹೇಳುವುದಾದರೆ, ಗುತ್ತಿಗೆದಾರರನ್ನು ಕರೆಯುವ ಪ್ರಕಟಣೆ ಬರಿಯ ಆಡಳಿತದ ಕಾಗದವಲ್ಲ. ಕಟ್ಟಡವನ್ನು ನಾವು ಏನೆಂದು ತಿಳಿದಿದ್ದೇವೆ ಎಂಬುದರ ಹೇಳಿಕೆ ಅದು. ಬೆಲೆಯನ್ನು ಮಾತ್ರ ಕೇಳುವ ಕರೆಗೆ ಬೆಲೆ ಮಾತ್ರ ಉತ್ತರವಾಗಿ ಬರುತ್ತದೆ. ವಿದ್ಯೆಯನ್ನು ಕೇಳುವ ಕರೆಗೆ, ತಡವಾಗಿಯಾದರೂ, ವಿದ್ಯಾವಂತ ಕೈಗಳು ಓಗೊಡುತ್ತವೆ. ಆ ಕೈಗಳು ಇನ್ನೂ ಇರುವಾಗಲೇ ಕರೆಯನ್ನು ತಿದ್ದಿ ಬರೆಯುವುದು ಅಗತ್ಯ.